ಗೊಂದಲ ಯಾರದು?



"ಅಣ್ಣಾ, ಸಂಘದ ವಾರ್ಷಿಕೋತ್ಸವಕ್ಕ ಸ್ಮರಣ ಸಂಚಿಕೆ ತರ್ಲಿಕತ್ತೀವಿ, ನೀವೂ ಒಂದು ಲೇಖನ ಕೊಡ್ರಿ, ಇತಿಹಾಸದ ಮ್ಯಾಲೆ ಬರೀರಿ" ಅಂತ ತಮ್ಮಂದಿರು ಮನೆಗೆ ಬಂದು ಕೇಳಿದರು. ಇತಿಹಾಸ ಅಂದರೆ ರಾಜರದ್ದು, ಕೋಟೆಗಳದ್ದು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಗದ್ವಾಲದ ಕೋಟೆಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇಲ್ಲಿ ಕೆಲವು ಮಾತುಗಳ ಇತಿಹಾಸ ಬರೆಯುತ್ತೇನೆ. ದಿನಾ ನಮ್ಮ ಮೇಲೆ ಬೀಳುವ ಮಾತುಗಳು ಅವು.

ಹೋದ ವರ್ಷ ಕೇರಿಯ ಸಮುದಾಯ ಭವನದ ಜಾಗದ ಸಲುವಾಗಿ ಅರ್ಜಿ ಹಿಡಿದು ಒಂದು ಕಚೇರಿಗೆ ಹೋಗಿದ್ದೆವು. ಹನ್ನೆರಡು ಜನ ಇದ್ದೆವು. ಒಳಗೆ ಹೋದ ಕೂಡಲೇ ಮೂರು ಜನ ಒಮ್ಮೆಗೇ ಮಾತಾಡಲು ಶುರು ಮಾಡಿದರು. ಒಬ್ಬರು ತೆಲುಗಿನಲ್ಲಿ, ಇಬ್ಬರು ಕನ್ನಡದಲ್ಲಿ. ಅಲ್ಲಿ ಕೂತಿದ್ದ ದೊಡ್ಡವರು ಚಷ್ಮಾ ತೆಗೆದು ಮೇಜಿನ ಮೇಲಿಟ್ಟು ಅಂದರು: "ನಿಮ್ಮೋರು ಬಂದ್ರ ಬರೇ ಗೊಂದಲ. ಮೊದ್ಲು ನೀವು ಸಂಘಟಿತರಾಗ್ರಿ, ಆಮ್ಯಾಲೆ ಬರ್ರಿ." ಅರ್ಜಿ ಅಲ್ಲೇ ಉಳಿಯಿತು. ವಾಪಸ್ ಬರುವಾಗ ಆಟೋದಾಗ ಯಾರೂ ಮಾತಾಡಲಿಲ್ಲ. ಊರು ಹತ್ತಿರ ಬಂದಾಗ ಒಬ್ಬ ಹುಡುಗ ಮೆಲ್ಲಗೆ ಕೇಳಿದ: "ಅಣ್ಣಾ, ಅವ್ರು ಅಂದದ್ದು ಖರೇನೇ ಅದ ಅಲ್ರೀ?"

ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಆ ಹುಡುಗನ ಪ್ರಶ್ನೆಗೆ ಈ ಲೇಖನವೇ ನನ್ನ ಉತ್ತರ.

ಚೆಲ್ಲಿದ ಕಾಳಿನ ಮಾತುಗಳು

ಕನ್ನಡದಲ್ಲಿ ಅಚ್ಚುಕಟ್ಟು ಇಲ್ಲದ್ದನ್ನು ಹೇಳಲು ಮಾತಿಗೇನೂ ಬರ ಇಲ್ಲ. ಚೆಲ್ಲಾಪಿಲ್ಲಿ, ಅಡ್ಡಾದಿಡ್ಡಿ, ಗಜಿಬಿಜಿ, ಗಲಿಬಿಲಿ, ಗಡಿಬಿಡಿ. ತೆಲುಗಿನಲ್ಲಿ ಚಿಂದರವಂದರ, ಗಂದರಗೋಳ, ತಾರುಮಾರು. ಎರಡೂ ಭಾಷೆ ಆಡುವ ನಾವು ಒಂದೇ ವಾಕ್ಯದಾಗ ಎರಡನ್ನೂ ಸೇರಿಸಿ ಬಿಡುತ್ತೇವೆ.

ಇವು ಪಾಪದ ಮಾತುಗಳು. ಇವುಗಳಲ್ಲಿ ಯಾರ ಜಾತಿಯೂ ಇಲ್ಲ. ಚೆಲ್ಲಾಪಿಲ್ಲಿ ಅಂದರೆ ಕಾಳು ಚೆಲ್ಲಿದ ಹಾಗೆ. ಅಡ್ಡಾದಿಡ್ಡಿ ಅಂದರೆ ನೆಟ್ಟಗೆ ಇರಬೇಕಾದ್ದು ಅಡ್ಡ ಬಿದ್ದ ಹಾಗೆ. ನಾರಾಯಣಪೇಟೆ, ಗದ್ವಾಲದ ನೇಕಾರರ ಮಾತು ಇನ್ನೂ ಚೆಂದ. ಅವರಿಗೆ ಅವ್ಯವಸ್ಥೆ ಅಂದರೆ 'ಸಿಕ್ಕು'. ನೂಲು ಸಿಕ್ಕಾಯಿತು ಅಂದರೆ ಅದನ್ನು ಬೈಯುವುದಿಲ್ಲ, ಕೂತು ಬಿಡಿಸುತ್ತಾರೆ. ಎಲ್ಲಿ ಎಳೆದರೆ ಬಿಗಿಯುತ್ತದೆ, ಎಲ್ಲಿ ಎಳೆದರೆ ಸಡಿಲಾಗುತ್ತದೆ ಅಂತ ಬೆರಳಿಗೆ ಗೊತ್ತಿರುತ್ತದೆ.

'ಅಸ್ತವ್ಯಸ್ತ' ಸಂಸ್ಕೃತದ ಮಾತು. ಅದರ ಮೂಲದಲ್ಲಿ 'ಎಸೆ' ಎಂಬ ಅರ್ಥದ ಧಾತು ಇದೆ. ವ್ಯಸ್ತ ಅಂದರೆ ಬೇರೆಬೇರೆಯಾಗಿ ಎಸೆದದ್ದು, ಬಿಡಿಬಿಡಿಯಾದದ್ದು. ಅದೇ ಧಾತುವಿನಿಂದ ವ್ಯಾಕರಣದ 'ಸಮಾಸ' ಬಂದಿದೆ, ಅಂದರೆ ಒಟ್ಟಿಗೆ ಹಾಕಿದ್ದು. 'ವ್ಯಾಸ' ಎಂಬ ಹೆಸರೂ ಅದರಿಂದಲೇ ಬಂದದ್ದು, ವಿಂಗಡಿಸಿದವನು ಅಂತ. ಒಂದೇ ಬೇರಿನಿಂದ ಚೆಲ್ಲುವುದೂ ಬಂತು, ಜೋಡಿಸುವುದೂ ಬಂತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗೊಂದಲ ಎಂಬುದು ಒಂದು ಪೂಜೆ

ಈಗ ನಮ್ಮ ಮೇಲೆ ಬಿದ್ದ ಮಾತಿಗೆ ಬರೋಣ. ಗೊಂದಲ.

ಗೊಂದಲಿಗರು ಎಂಬ ಅಲೆಮಾರಿ ಕಲಾವಿದರ ಸಮುದಾಯ ಇದೆ. ಮಹಾರಾಷ್ಟ್ರದಲ್ಲಿ ಅವರನ್ನು ಗೋಂಧಳಿ ಅನ್ನುತ್ತಾರೆ. ತುಳಜಾಪುರದ ಅಂಬಾಭವಾನಿಯ ಭಕ್ತರು ಅವರು. ಆ ತುಳಜಾಪುರವೂ ನಮ್ಮ ಹಾಗೆ ಹಳೇ ಹೈದರಾಬಾದ್ ಸಂಸ್ಥಾನದೊಳಗೇ ಇತ್ತು. ಮನೆಯಲ್ಲಿ ಮದುವೆಯಂಥ ಶುಭಕಾರ್ಯ ಆದ ಮೇಲೆ ರಾತ್ರಿ ಇವರನ್ನು ಕರೆಸಿ 'ಗೊಂದಲ ಹಾಕಿಸುವುದು' ಎಂಬ ಹರಕೆ ಇದೆ. ಸಂಬಾಳ ಬಾರಿಸುತ್ತಾರೆ, ತಂತಿಯ ವಾದ್ಯ ಮೀಟುತ್ತಾರೆ, ದೀವಟಿಗೆ ಹಿಡಿಯುತ್ತಾರೆ. ಒಂದೊಂದು ಊರಿನ ಹೆಸರು ಹಿಡಿದು ಆ ಊರಿನ ದೇವರನ್ನು ಪೂಜೆಗೆ ಬಾ ಅಂತ ಕರೆಯುತ್ತಾರೆ. ಆಮೇಲೆ ಕಥೆ ನಡೆಯುತ್ತದೆ, ಬೆಳಗಾಗುವ ತನಕ.

ಈ ಕುಣಿತದ ಹೆಸರು ಇವತ್ತಿನದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಗೋಂಡಲಿ ಎಂಬ ಕುಣಿತದ ಮಾತು ಬರುತ್ತದೆ. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ.

ಹಾಗಾದರೆ ಒಂದು ಪೂಜೆಯ ಹೆಸರು ಅವ್ಯವಸ್ಥೆಯ ಹೆಸರು ಹೇಗಾಯಿತು? ಗೊಂದಲ ಹಾಕುವವರಿಗೆ ಅಲ್ಲಿ ಎಲ್ಲದಕ್ಕೂ ಒಂದು ಕ್ರಮ ಇದೆ. ಯಾವ ದೇವರನ್ನು ಮೊದಲು ಕರೆಯಬೇಕು, ಯಾವ ತಾಳ ಎಲ್ಲಿ ಬೀಳಬೇಕು, ಯಾರು ಹಾಡಬೇಕು, ಯಾರು ಹೂಂಗುಟ್ಟಬೇಕು ಎಲ್ಲಾ ಗೊತ್ತಿರುತ್ತದೆ. ಆದರೆ ದೂರದಲ್ಲಿ ಮಲಗಿ ನಿದ್ದೆ ಕೆಟ್ಟವನಿಗೆ ಅದು ಬರೇ ಸದ್ದು. ಒಳಗಿದ್ದವನಿಗೆ ಪೂಜೆ, ಹೊರಗಿದ್ದವನಿಗೆ ಗದ್ದಲ. ಕನ್ನಡದಲ್ಲೂ ಮರಾಠಿಯಲ್ಲೂ ಹೆಚ್ಚು ಪ್ರಚಾರಕ್ಕೆ ಬಂದದ್ದು ಹೊರಗಿದ್ದವನು ಕೊಟ್ಟ ಅರ್ಥ. ಪತ್ರಿಕೆ, ಪುಸ್ತಕ, ಕಚೇರಿ ಅವನ ಕೈಯಲ್ಲಿದ್ದವು. ಗೊಂದಲಿಗರ ಕೈಯಲ್ಲಿ ಸಂಬಾಳ ಮಾತ್ರ ಇತ್ತು.

ಸಂತೆಗೂ ಇದೇ ಗತಿ. "ಇದೇನು ಮನೀನೋ ಸಂತೀನೋ" ಅಂತ ಬೈಯುತ್ತಾರೆ. ನಮ್ಮ ಕಡೆಯ ವಾರದ ಸಂತೆಯಲ್ಲಿ ಒಂದು ಸುತ್ತು ಹಾಕಿ ನೋಡಿ. ಮೆಣಸಿನಕಾಯಿ ಸಾಲು ಬೇರೆ, ಬಟ್ಟೆ ಸಾಲು ಬೇರೆ, ಕುರಿ ಮೇಕೆಗೆ ಬೇರೆ ಜಾಗ. ಯಾರೂ ಗೆರೆ ಎಳೆದಿಲ್ಲ, ಆದರೂ ಪ್ರತಿ ವಾರ ಅದೇ ಮುದುಕಿ ಅದೇ ಜಾಗದಾಗ ಕೂರುತ್ತಾಳೆ. ಅಲ್ಲಿ ಕ್ರಮ ಇಲ್ಲ ಅನ್ನುವವನು ಸಂತೆಯಲ್ಲಿ ಎಂದೂ ಕೂತು ಮಾರಿದವನಲ್ಲ.

ಕುಲ ಕೆಟ್ಟರೆ ಕೆಡುವುದೇನು?

ಇನ್ನು ಕೆಲವು ಮಾತುಗಳಿವೆ. ಅವನ್ನು ನಾವೂ ಆಡುತ್ತೇವೆ, ಆಡುವಾಗ ಒಳಗೆ ಏನಿದೆ ಅಂತ ನೋಡುವುದಿಲ್ಲ.

"ಕೆಲಸ ಎಲ್ಲಾ ಕುಲಗೆಟ್ಟು ಹೋತು" ಅನ್ನುತ್ತೇವೆ. ಅಂದರೆ ಹಾಳಾಯಿತು. ಬಿಡಿಸಿ ನೋಡಿ: ಕುಲ ಕೆಟ್ಟಿತು. ಅಂದರೆ ಜಾತಿ ಕೆಟ್ಟಿತು. ಮೋಟಾರು ಸುಟ್ಟರೂ, ಲೆಕ್ಕ ತಪ್ಪಿದರೂ, ರಸ್ತೆ ಕಿತ್ತು ಹೋದರೂ ಕುಲಗೆಟ್ಟಿತು. ಕುಲ ಕೆಡುವುದಕ್ಕಿಂತ ದೊಡ್ಡ ಹಾಳು ಇಲ್ಲ ಎಂಬ ನಂಬಿಕೆ ಈ ಮಾತಿನಲ್ಲಿ ಕೂತಿದೆ.

'ಕಲಸುಮೇಲೋಗರ' ಇನ್ನೊಂದು. ಮೇಲೋಗರ ಅಂದರೆ ಬೇಳೆ ತರಕಾರಿ ಹಾಕಿ ಮಾಡುವ ಒಂದು ಪದಾರ್ಥ. ಎಲೆಯ ಮೇಲೆ ಒಂದೊಂದು ಪದಾರ್ಥಕ್ಕೆ ಒಂದೊಂದು ಮೂಲೆ ಇಟ್ಟುಕೊಂಡು ಉಣ್ಣುವವರಿಗೆ ಎಲ್ಲ ಕಲೆತದ್ದು ಅವ್ಯವಸ್ಥೆಯಾಗಿ ಕಂಡಿತು. ಒಂದೇ ಗಂಗಾಳದಾಗ ನಾಲ್ಕು ಮಕ್ಕಳು ರೊಟ್ಟಿ ಮುರಿದು, ಪುಂಡಿಪಲ್ಯ ಕಲಸಿ ಉಂಡು ಬೆಳೆದವರು ನಾವು. ಕಲಸುವುದು ನಮಗೆ ಊಟದ ರೀತಿ.

ಈ ಎರಡೂ ಮಾತುಗಳ ಹಿಂದೆ ಒಂದು ದೊಡ್ಡ ಮಾತು ನಿಂತಿದೆ: 'ವರ್ಣಸಂಕರ'. ಸಂಕರ ಅಂದರೆ ಕಲಬೆರಕೆ. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲೇ ಅರ್ಜುನ ಯುದ್ಧ ಬೇಡ ಅನ್ನಲು ಕೊಡುವ ಕಾರಣಗಳಲ್ಲಿ ಇದು ಒಂದು. ಕುಲ ನಾಶವಾದರೆ ವರ್ಣಸಂಕರ ಆಗುತ್ತದೆ ಎಂಬ ಹೆದರಿಕೆ ಅವನದು. ಆ ಶಾಸ್ತ್ರದ ಕಣ್ಣಿಗೆ ಜನ ಜನರೊಂದಿಗೆ ಬೆರೆಯುವುದೇ ಅವ್ಯವಸ್ಥೆ.

ಇದು ಬರೇ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಮತ್ತೆ ಕಲ್ಯಾಣಕ್ಕೆ ಬನ್ನಿ, ಅದೇ 12ನೇ ಶತಮಾನ. ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದ ಮಧುವರಸನ ಮಗಳಿಗೂ ಮದುವೆಯಾಯಿತು ಅಂತ ಶರಣರ ಚರಿತೆಗಳು ಹೇಳುತ್ತವೆ. ವರ್ಣಸಂಕರ ಆಯಿತು ಅಂತ ಬಿಜ್ಜಳನ ಮುಂದೆ ದೂರು ಹೋಯಿತು. ಹರಳಯ್ಯ, ಮಧುವರಸರಿಗೆ ಘೋರ ಶಿಕ್ಷೆಯಾಯಿತು. ಶರಣರು ದಿಕ್ಕುದಿಕ್ಕಿಗೆ ಚೆದುರಿದರು. ಆ ದಿನ ಅರಮನೆಯವರು ಅದನ್ನು ವ್ಯವಸ್ಥೆ ಕೆಟ್ಟ ದಿನ ಅಂದಿರಬೇಕು. ಇವತ್ತು ನಾಡೆಲ್ಲ ಅದನ್ನು 'ಕಲ್ಯಾಣ ಕ್ರಾಂತಿ' ಅನ್ನುತ್ತದೆ. ನಡೆದದ್ದು ಒಂದೇ ಘಟನೆ, ಹೆಸರು ಕೊಟ್ಟವರು ಬೇರೆ.

ವ್ಯವಸ್ಥೆ ಮತ್ತು ಅವಸ್ಥೆ

ಹಾಗಾದರೆ 'ವ್ಯವಸ್ಥೆ' ಅಂದರೇನು? ಇದರ ಬೇರು ಸಂಸ್ಕೃತದ 'ಸ್ಥಾ', ನಿಲ್ಲು ಅಂತ. 'ಸಂ' ಸೇರಿದರೆ ಸಂಸ್ಥೆ, ಒಟ್ಟಿಗೆ ನಿಲ್ಲುವುದು. 'ವಿ' ಮತ್ತು 'ಅವ' ಸೇರಿದರೆ ವ್ಯವಸ್ಥೆ. ಆ 'ವಿ' ಅಂದರೆ ಬೇರೆಯಾಗಿ. ಬೇರೆಬೇರೆಯಾಗಿ, ಒಬ್ಬೊಬ್ಬರನ್ನು ಒಂದೊಂದು ಜಾಗದಲ್ಲಿ ನಿಲ್ಲಿಸುವುದೇ ವ್ಯವಸ್ಥೆಯ ಮೂಲ ಅರ್ಥ. ವರ್ಣವ್ಯವಸ್ಥೆ ಎಂಬ ಮಾತು ತಪ್ಪಾಗಿ ಹುಟ್ಟಿದ್ದಲ್ಲ, ಆ ಪದಕ್ಕೆ ಸರಿಯಾಗಿ ಒಪ್ಪುವ ಬಳಕೆ ಅದು. ಊರು ಒಂದು ಕಡೆ, ಕೇರಿ ಒಂದು ಕಡೆ. ಬಾವಿ ಬೇರೆ, ಸುಡುಗಾಡು ಬೇರೆ. ಅದೇ ಸ್ಥಾ ಧಾತುವಿನಿಂದ 'ಅವಸ್ಥೆ'ಯೂ ಬಂತು. "ನಮ್ಮ ಅವಸ್ಥಿ ಯಾರಿಗೂ ಬ್ಯಾಡ್ರಿ" ಅನ್ನುತ್ತೇವಲ್ಲ, ಅದು. ವ್ಯವಸ್ಥೆ ಮಾಡಿದವರು ಅವರು, ಅವಸ್ಥೆಪಟ್ಟವರು ನಾವು.

ಬಾಬಾಸಾಹೇಬರು 1936ರಲ್ಲಿ ಅಚ್ಚು ಹಾಕಿಸಿದ 'ಜಾತಿ ವಿನಾಶ' ಭಾಷಣದಲ್ಲಿ ಇದನ್ನೇ ಇನ್ನೊಂದು ದಾರಿಯಿಂದ ಹೇಳಿದ್ದಾರೆ. ಜಾತಿ ಬರೇ ಕೆಲಸದ ಹಂಚಿಕೆ ಅಲ್ಲ, ಕೆಲಸಗಾರರನ್ನೇ ಹಂಚಿ ಬೇರೆ ಮಾಡುವುದು. ಹಿಂದೂ ಸಮಾಜ ಎಂಬ ಒಂದು ಸಮಾಜವೇ ಇಲ್ಲ, ಇರುವುದು ಜಾತಿಗಳ ರಾಶಿ. ಇದರ ಅರ್ಥ ನೋಡಿ. ಯಾವುದನ್ನು ಸಾವಿರ ವರ್ಷ 'ವ್ಯವಸ್ಥೆ' ಅಂತ ಕರೆದರೋ ಅದೇ ಈ ದೇಶದ ದೊಡ್ಡ ಅಸಂಘಟನೆ. ಜನ ಒಂದಾಗದ ಹಾಗೆ ಕಟ್ಟಿದ ಕಟ್ಟಡ ಅದು.

ಆ ಕಟ್ಟಡದ ತಳದಲ್ಲಿದ್ದ ನಮ್ಮ ಹಿರಿಯರು ಅಚ್ಚುಕಟ್ಟು ಅರಿಯದವರೇ? ತೆಲಂಗಾಣದ ಊರುಗಳಲ್ಲಿ ನೀರಡಿ ಎಂಬ ಕೆಲಸ ಇತ್ತು. ಕೆರೆಯ ತೂಬು ಎತ್ತಿ, ಯಾವ ಹೊಲಕ್ಕೆ ಎಷ್ಟು ಹೊತ್ತು ನೀರು ಅಂತ ಹಂಚುವವನು ನೀರಡಿ. ಹೆಚ್ಚಿನ ಕಡೆ ಅವನು ನಮ್ಮ ಕೇರಿಯವನೇ. ಊರಿನ ಬೆಳೆಯೆಲ್ಲ ಅವನ ಲೆಕ್ಕದ ಮೇಲೆ ನಿಂತಿತ್ತು. ಮೈಸೂರು ಸೀಮೆಯಲ್ಲಿ ಗಡಿ ತಂಟೆ ಬಂದಾಗ ಹೊಲೆಯ ಕುಳವಾಡಿಯ ಮಾತಿಗೆ ಬೆಲೆ ಇತ್ತು ಅಂತ 19ನೇ ಶತಮಾನದ ಇಂಗ್ಲಿಷ್ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಯಾವ ಕಲ್ಲು ಎಲ್ಲಿತ್ತು, ಯಾವ ಹೊಲದ ಬದು ಎಲ್ಲಿ ತಿರುಗುತ್ತದೆ ಅಂತ ಅವನಿಗೆ ಗೊತ್ತಿರುತ್ತಿತ್ತು. ನೀರಿನ ಕ್ರಮ, ಗಡಿಯ ಕ್ರಮ, ಡಂಗುರ ಸಾರಿ ಊರನ್ನು ಕೂಡಿಸುವ ಕ್ರಮ, ಮೂರೂ ನಮ್ಮವರ ಕೈಯಲ್ಲಿದ್ದವು. ಕೆರೆ ಹಂಚಿದವನಿಗೆ ಬಾವಿ ಮುಟ್ಟುವ ಹಕ್ಕು ಇರಲಿಲ್ಲ, ಅಷ್ಟೇ.

ನಿಜಾಮನ ಕಾಲದ ಮಾತುಗಳು

ನಮ್ಮ ಭಾಗದ ಕನ್ನಡಕ್ಕೆ ಪಾರಸಿ, ಉರ್ದುವಿನಿಂದ ಬಂದ ಮಾತುಗಳು ಬಹಳ. 'ಬಂದೋಬಸ್ತ್' ಅಂದರೆ ಪಾರಸಿಯಲ್ಲಿ ಕಟ್ಟುವುದು ಮತ್ತು ಬಿಗಿಯುವುದು. ಭೂಮಿಯ ಅಳತೆ, ಕಂದಾಯದ ಗೊತ್ತುವಳಿಗೂ ಅದೇ ಹೆಸರು, ಇವತ್ತು ಪೊಲೀಸ್ ಕಾವಲಿಗೂ ಅದೇ ಹೆಸರು. ಕಟ್ಟಿ ಬಿಗಿಯುವುದೇ ಸುವ್ಯವಸ್ಥೆ ಎಂಬ ಭಾವನೆ ಅದರಲ್ಲಿದೆ.

ಯಾರನ್ನು ಕಟ್ಟಿ ಬಿಗಿದರು? ಹೈದರಾಬಾದ್ ಸಂಸ್ಥಾನದಲ್ಲಿ ಭಾಗೇಲಾ ಎಂಬ ಪದ್ಧತಿ ಇತ್ತು. ಸಾಲ ತೆಗೆದ ತಪ್ಪಿಗೆ ದೊರೆಯ ಮನೆಯಲ್ಲಿ ತಲೆಮಾರುಗಟ್ಟಲೆ ದುಡಿಯುವ ಜೀತ. 1936ರಲ್ಲಿ ನಿಜಾಮ ಸರ್ಕಾರವೇ ಭಾಗೇಲಾ ಕರಾರುಗಳ ಮೇಲೆ ಒಂದು ಕಾಯ್ದೆ ತರಬೇಕಾಯಿತು. ಆದರೂ ಅದು ಹೋಗಲಿಲ್ಲ. 40 ವರ್ಷ ಕಳೆದ ಮೇಲೆ, 1976ರ ಜೀತಪದ್ಧತಿ ರದ್ದು ಕಾಯ್ದೆಯಲ್ಲಿ ದೇಶದ ಜೀತಗಳ ಹೆಸರಿನ ಪಟ್ಟಿ ಇದೆ. ಅದರಲ್ಲಿ ಭಾಗೇಲಾ ಇದೆ, ಜೀತ ಇದೆ, ವೆಟ್ಟಿ ಇದೆ, ಪಾಲೇರು ಇದೆ, 'ಹೋಲ್ಯ' ಅಂತಲೂ ಇದೆ. ಜೀತಕ್ಕೆ ಇಷ್ಟು ಹೆಸರು ಇಟ್ಟ ದೇಶ ಅದನ್ನು ಒಮ್ಮೆಯೂ ಗೊಂದಲ ಅನ್ನಲಿಲ್ಲ. ಅದು ಬಂದೋಬಸ್ತ್ ಆಗಿತ್ತು. ಅದನ್ನು ಬಿಟ್ಟು ಓಡಿದವನು ಮಾತ್ರ ಗಡಬಡ ಮಾಡಿದವನು.

ಅದೇ ಹೈದರಾಬಾದಿನಲ್ಲಿ ನಮ್ಮವರು ಸಂಘ ಕಟ್ಟಿದ್ದೂ ಇತಿಹಾಸವೇ. ಭಾಗ್ಯರೆಡ್ಡಿ ವರ್ಮ 1906ರಲ್ಲಿ ಜಗನ್ ಮಿತ್ರ ಮಂಡಳಿ ಕಟ್ಟಿದರು, 1911ರಲ್ಲಿ ಮಾನ್ಯ ಸಂಘಂ. ಆಗಿನ್ನೂ ಅವರಿಗೆ 23 ವರ್ಷ, ನಿಮ್ಮ ವಯಸ್ಸು. 1917ರಲ್ಲಿ ಬೆಜವಾಡದಲ್ಲಿ ಪಂಚಮರ ಸಮ್ಮೇಳನ ಅಂತ ಕರೆದಾಗ, ಅಧ್ಯಕ್ಷತೆ ವಹಿಸಿದ ಅವರು ಆ ಹೆಸರನ್ನೇ ಒಪ್ಪಲಿಲ್ಲ. ನಾಲ್ಕರ ಹೊರಗಿನ ಐದನೆಯವರು ಅಂತ ಯಾಕೆ ಕರೆಸಿಕೊಳ್ಳಬೇಕು, ನಾವು ಈ ನೆಲದ ಮೊದಲಿಗರು ಅಂತ ವಾದಿಸಿದರು. ಸಮ್ಮೇಳನ ಆದಿ ಆಂಧ್ರರದ್ದಾಯಿತು. ಕಟ್ಟುವ ಕೆಲಸ ಹೆಸರಿನಿಂದ ಶುರುವಾಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಮುಂದೆ 1968ರಲ್ಲಿ ಬಿ. ಶ್ಯಾಮಸುಂದರ್ ಗುಲ್ಬರ್ಗದಲ್ಲಿ ಭೀಮಸೇನೆ ಕಟ್ಟಿದರು.

ನಡುವೆ 1956 ಬಂತು. ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧ ಧಮ್ಮ ಸ್ವೀಕರಿಸಿದರು. ನವೆಂಬರ್ 1ಕ್ಕೆ ಭಾಷಾವಾರು ಪ್ರಾಂತ್ಯಗಳಾದವು. ರಾಯಚೂರು ಜಿಲ್ಲೆ ಮೈಸೂರಿಗೆ ಹೋಯಿತು, ಅದರ ಗದ್ವಾಲ ಮತ್ತು ಆಲಂಪುರ ತಾಲೂಕು ಆಂಧ್ರಕ್ಕೆ ಬಂದವು. ಗುಲ್ಬರ್ಗದ ಕೊಡಂಗಲ್, ತಾಂಡೂರು ಸಹ ಹೀಗೇ. ಮಕ್ತಲ್, ನಾರಾಯಣಪೇಟೆ ಆಗಲೇ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಡಿಸೆಂಬರ್ 6ಕ್ಕೆ ಬಾಬಾಸಾಹೇಬರು ಹೋಗಿಬಿಟ್ಟರು. 54 ದಿನಗಳಲ್ಲಿ ಇಷ್ಟೂ ಆಯಿತು. ಗಡಿ ಹಾಕುವಾಗ ಯಾವ ಕುಳವಾಡಿಯನ್ನೂ ಯಾರೂ ಕೇಳಲಿಲ್ಲ. ಹಿಂದಿನ ವರ್ಷವೇ, 1955ರಲ್ಲಿ, ಬಾಬಾಸಾಹೇಬರು ಭಾಷಾವಾರು ರಾಜ್ಯಗಳ ಬಗ್ಗೆ ಪುಸ್ತಕ ಬರೆದು, ಒಂದೊಂದು ರಾಜ್ಯದಲ್ಲಿ ಒಂದೊಂದು ದೊಡ್ಡ ಜಾತಿಯ ಕೈ ಮೇಲಾದರೆ ಸಣ್ಣ ಸಮುದಾಯಗಳ ಗತಿ ಏನು ಅಂತ ಎಚ್ಚರಿಸಿದ್ದರು. ಕೃಷ್ಣಾ ನದಿಯ ಆಚೆ ಅಣ್ಣ, ಈಚೆ ತಮ್ಮ ಆದ ನಮ್ಮ ಮನೆಗಳಿಗೆ ಆ ಮಾತು ಬೇಗ ತಿಳಿಯುತ್ತದೆ. ಕಚೇರಿಯಲ್ಲಿ ಮೂರು ಜನ ಎರಡು ಭಾಷೆಯಲ್ಲಿ ಮಾತಾಡಿದರೆ ಅದು ಗೊಂದಲ ಅಲ್ಲ, ಅದು 1956.

ಗಲಾಟೆಯೋ, ಚಳವಳಿಯೋ?

ನದಿಯ ಆಚೆ ಕರ್ನಾಟಕದಲ್ಲಿ ನಡೆದದ್ದನ್ನೂ ಹೇಳಬೇಕು. 1973ರ ನವೆಂಬರ್‌ನಲ್ಲಿ, ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಒಂದು ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಬೂಸಾ ಅಂದರೆ ದನಕ್ಕೆ ಹಾಕುವ ಹೊಟ್ಟು. ನಾಡೆಲ್ಲ ಹತ್ತಿ ಉರಿಯಿತು. ಹಾಸ್ಟೆಲಿನ ದಲಿತ ಹುಡುಗರ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಬಹಳ ದಿನ ಇದನ್ನು 'ಬೂಸಾ ಗಲಾಟೆ' ಅಂದರು. ಆದರೆ ಅದೇ ಏಟಿನಿಂದ ಎದ್ದ ಹುಡುಗರು, ಲೇಖಕರು, ನೌಕರರು ಒಂದಾಗಿ 70ರ ದಶಕದ ನಡುವಿನಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಪ್ರೊ. ಬಿ. ಕೃಷ್ಣಪ್ಪ ಅದರ ಮುಂದಾಳು. ಅವರ ಬಾಯಲ್ಲಿ ಅದು 'ಬೂಸಾ ಚಳವಳಿ' ಆಯಿತು. ಗಲಾಟೆ ಅಂತ ಬರೆದ ಜಾಗದಲ್ಲೇ ಒಂದು ಸಂಘಟನೆ ಹುಟ್ಟಿತ್ತು.

ಪತ್ರಿಕೆಯಲ್ಲಿ ಇವತ್ತಿಗೂ ಒಂದು ರೂಢಿ ಇದೆ. ಒಂದು ಕಡೆಯವರು ಬಂದು ಹೊಡೆದು, ಇನ್ನೊಂದು ಕಡೆಯವರು ಬರೇ ಪೆಟ್ಟು ತಿಂದರೂ "ಎರಡು ಗುಂಪುಗಳ ನಡುವೆ ಘರ್ಷಣೆ" ಅಂತ ಬರೆಯುತ್ತಾರೆ. ಘರ್ಷಣೆ ಅಂದರೆ ತಿಕ್ಕಾಟ, ತಿಕ್ಕಲು ಎರಡು ಬೇಕು. 1985ರ ಜುಲೈ 17ರಂದು ಪ್ರಕಾಶಂ ಜಿಲ್ಲೆಯ ಕಾರಂಚೇಡಿನಲ್ಲಿ ಮಾದಿಗರನ್ನು ಅಟ್ಟಾಡಿಸಿ ಕೊಂದರು. ಅಲ್ಲಿ ಎರಡು ಗುಂಪು ಎಲ್ಲಿತ್ತು? ಆ ಸಾವುಗಳಿಂದ ಆಂಧ್ರದಲ್ಲಿ ದಲಿತ ಮಹಾಸಭಾ ಹುಟ್ಟಿತು. ವರದಿ ಓದುವಾಗ ತಮ್ಮಂದಿರೇ, ಕ್ರಿಯಾಪದ ನೋಡಿ, ಯಾರು ಮಾಡಿದರು ಅಂತ ಇದೆಯೋ ಇಲ್ಲವೋ ನೋಡಿ.

ಅಸಂಘಟಿತರು ಎಂಬ ಹೆಸರು

ಈಗ ಸರ್ಕಾರ ನಮಗೆ ಇಟ್ಟ ಹೆಸರಿಗೆ ಬರೋಣ: ಅಸಂಘಟಿತ ಕಾರ್ಮಿಕರು. 2008ರಲ್ಲಿ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಬಂತು. 2021ರ ಆಗಸ್ಟ್‌ನಿಂದ ಇ-ಶ್ರಮ್ ಕಾರ್ಡು ಮಾಡಿಸಿದ್ದೇವೆ. ಆ ಹೆಸರಿನ ಅಡಿಯಲ್ಲಿ ಏನು ಸವಲತ್ತು ಸಿಗುತ್ತದೋ ಬಿಡದೆ ತಗೊಳ್ಳಿ. ಆದರೆ ಆ ಮಾತಿನ ಒಳಗನ್ನೂ ನೋಡಿ.

ಪಾಲಮೂರು ಲೇಬರ್ ಅಂದರೆ ದೇಶಕ್ಕೆಲ್ಲ ಗೊತ್ತು. ಅಣೆಕಟ್ಟು, ಕಾಲುವೆ, ರಸ್ತೆ ಎಲ್ಲಿ ಕಟ್ಟಿದರೂ ನಮ್ಮ ಮಹಬೂಬನಗರದ ಮಂದಿ ಇದ್ದಾರೆ. ಮುಂಬೈ, ಪುಣೆ, ಬೆಂಗಳೂರಿನ ಕಟ್ಟಡಗಳಲ್ಲಿ ನಾರಾಯಣಪೇಟೆ, ಮಕ್ತಲ್ ಕಡೆಯವರ ಬೆವರು ಇದೆ. ಮೇಸ್ತ್ರಿ ಮುಂಗಡ ಕೊಟ್ಟು ಗುಂಪು ಕಟ್ಟುತ್ತಾನೆ. ಗುಂಪಿನಲ್ಲಿ ಯಾರು ಗುದ್ದಲಿ ಹಿಡಿಯಬೇಕು, ಯಾರು ಬುಟ್ಟಿ ಹೊರಬೇಕು, ಯಾವ ಹೆಂಗಸು ಅಡುಗೆಗೆ, ಯಾವ ಅಜ್ಜಿ ಕೂಸುಗಳ ಹತ್ತಿರ, ಎಲ್ಲಾ ಗೊತ್ತು. ಇಷ್ಟು ಅಚ್ಚುಕಟ್ಟಾಗಿ ದುಡಿಯುವವರನ್ನು ಅಸಂಘಟಿತರು ಅನ್ನುವುದು ಹೇಗೆ? ಅವರ ದುಡಿಮೆಯಲ್ಲಿ ಸಂಘಟನೆ ಇದೆ, ಕೂಲಿ ಕೇಳುವ ಜಾಗದಲ್ಲಿ ಇಲ್ಲ. ಅಲ್ಲಿ ಇಲ್ಲದ ಹಾಗೆ ಮುಂಗಡದ ಸಾಲ ನೋಡಿಕೊಳ್ಳುತ್ತದೆ.

ಪಾರಸಿಯ ಇನ್ನೊಂದು ಮಾತು ಇಲ್ಲಿ ನೆನಪಾಗುತ್ತದೆ. 'ಹಂಗಾಮ್' ಅಂದರೆ ಕಾಲ. ಅದರಿಂದ ನಮಗೆ ಬಂದದ್ದು ಮುಂಗಾರು ಹಂಗಾಮು, ಹಿಂಗಾರು ಹಂಗಾಮು. ಅದರಿಂದಲೇ 'ಹಂಗಾಮಿ', ಅಂದರೆ ಕಾಯಂ ಅಲ್ಲದ್ದು. ಅದರಿಂದಲೇ ಉರ್ದುವಿನ 'ಹಂಗಾಮಾ', ಗದ್ದಲ. ಹಂಗಾಮು ನೋಡಿ ಗುಳೆ ಹೋಗುವವನ ಕೆಲಸ ಎಂದೂ ಹಂಗಾಮಿ. ಕೂಲಿ ಕೊಡ್ರಿ ಅಂದರೆ ಅದೇ ಹಂಗಾಮಾ.

'ಅಧ್ವಾನ' ಎಂಬ ಮಾತಿನೊಳಗೂ ಹಾಗೇ ಒಂದು ಅರ್ಥ ಅಡಗಿದೆ. ಅಧ್ವ ಅಂದರೆ ಸಂಸ್ಕೃತದಲ್ಲಿ ದಾರಿ. 2020ರ ಮಾರ್ಚ್ 24ರ ರಾತ್ರಿ ನಾಲ್ಕು ತಾಸು ಸಮಯ ಕೊಟ್ಟು ದೇಶಕ್ಕೆ ಬೀಗ ಹಾಕಿದಾಗ ದಾರಿಗೆ ಬಿದ್ದವರು ಯಾರು ಅಂತ ನೀವೇ ಬಲ್ಲಿರಿ. ಟೀವಿಯಲ್ಲಿ ಅದನ್ನು ವಲಸೆ ಕಾರ್ಮಿಕರ ಗೊಂದಲ ಅಂದರು. ಯೋಚನೆ ಮಾಡದೆ ಬೀಗ ಹಾಕಿದ್ದು ಗೊಂದಲವೋ, ಮಕ್ಕಳನ್ನು ಹೆಗಲ ಮೇಲೆ ಹೊತ್ತು ಮನೆಯ ದಿಕ್ಕಿಗೆ ನೆಟ್ಟಗೆ ನಡೆದದ್ದು ಗೊಂದಲವೋ?

ನಮ್ಮೊಳಗಿನ ಸಿಕ್ಕು

ಇಷ್ಟೆಲ್ಲ ಬರೆದ ಮೇಲೆ ಆ ಹುಡುಗನಿಗೆ ಅರ್ಧ ಉತ್ತರ ಮಾತ್ರ ಕೊಟ್ಟ ಹಾಗಾಯಿತು. ಉಳಿದ ಅರ್ಧ ನಮಗೆ ರುಚಿಸುವಂಥದ್ದಲ್ಲ.

ನಮ್ಮ ಸಂಘದ ಮೀಟಿಂಗು ಐದು ಗಂಟೆಗೆ ಅಂದರೆ ಏಳಕ್ಕೆ ಶುರುವಾಗುತ್ತದೆ. ಚಂದಾ ಎತ್ತಿದ ಲೆಕ್ಕ ಒಬ್ಬನ ಜೇಬಿನ ಚೀಟಿಯಲ್ಲಿರುತ್ತದೆ. ಏಪ್ರಿಲ್ 14ಕ್ಕೆ ಎಲ್ಲರೂ ಬರುತ್ತೇವೆ, 15ಕ್ಕೆ ಕುರ್ಚಿ ವಾಪಸ್ ಕೊಡಲು ಇಬ್ಬರೇ ಇರುತ್ತಾರೆ. ಹೆಣ್ಣುಮಕ್ಕಳ ಹೆಸರು ಕಾರ್ಯಕಾರಿ ಸಮಿತಿಯ ಪಟ್ಟಿಯಲ್ಲಿದೆ, ಅವರ ಮಾತು ನಡಾವಳಿ ಪುಸ್ತಕದಲ್ಲಿ ಇಲ್ಲ. ಇದನ್ನು ಮನುವಿನ ತಲೆಗೆ ಕಟ್ಟಲು ಬರುವುದಿಲ್ಲ. ಅವರು ನಮ್ಮನ್ನು ಗೊಂದಲ ಅಂದದ್ದು ತಪ್ಪು, ಆದರೆ ನಮ್ಮ ಲೆಕ್ಕದ ಪುಸ್ತಕ ಗೊಂದಲವಾಗಿರುವುದು ಖರೆ. ಎರಡೂ ಒಟ್ಟಿಗೆ ನಿಜವಾಗಿರಬಹುದು.

ಇನ್ನೊಂದು ಸಿಕ್ಕು ಇದೆ. ನಮ್ಮ ಸಂಘದಲ್ಲಿ ಎರಡೂ ಕೇರಿಯವರು ಇದ್ದೇವೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ತೆಗೆಯಿತು. 2025ರ ಏಪ್ರಿಲ್ 14ರಿಂದ ತೆಲಂಗಾಣದಲ್ಲಿ ಪರಿಶಿಷ್ಟರ 59 ಜಾತಿಗಳನ್ನು ಮೂರು ಗುಂಪು ಮಾಡಿದ್ದಾರೆ. ಅಂದಿನಿಂದ ಚಹಾ ಅಂಗಡಿಯಲ್ಲಿ ಕೂತಾಗಲೂ ಕೆಲವರು ಬೇರೆಬೇರೆ ಬೆಂಚು ಹುಡುಕುತ್ತಿದ್ದಾರೆ. ನನ್ನ ಮಾತು ಇಷ್ಟೇ: ಅಣ್ಣತಮ್ಮಂದಿರು ಪಾಲು ಲೆಕ್ಕ ಹಾಕಿ ಹಂಚಿಕೊಂಡರೆ ಅದು ಒಡಕಲ್ಲ, ನ್ಯಾಯ. ಹಂಚಿಕೊಂಡ ಮೇಲೆ ಮಾತು ಬಿಟ್ಟರೆ ಅದು ಒಡಕು. ಗದ್ವಾಲದ ಸೀರೆ ನೋಡಿ. ಮೈ ಹತ್ತಿ, ಅಂಚು ಸೆರಗು ರೇಷ್ಮೆ. ಎರಡರ ನೂಲೂ ಬೇರೆ, ಎಳೆತವೂ ಬೇರೆ. ಆದರೂ ನೇಕಾರ ಎಳೆಗೆ ಎಳೆ ಸಿಕ್ಕಿಸಿ ಒಂದೇ ಸೀರೆ ಮಾಡುತ್ತಾನೆ. ಯಾರೂ ಅದನ್ನು ಕಲಸುಮೇಲೋಗರ ಅನ್ನುವುದಿಲ್ಲ.

'ಸಂಘ' ಅಂದರೆ ಒಟ್ಟುಗೂಡಿ ಗಟ್ಟಿಯಾದದ್ದು. 'ಸಂಘಟನೆ' ಅಂದರೆ ಕೂಡಿಸುವುದು, ಜೋಡಿಸುವುದು. ವ್ಯವಸ್ಥೆ ಬೇರೆ ಬೇರೆ ನಿಲ್ಲಿಸುತ್ತದೆ, ಸಂಘಟನೆ ಕೂಡಿಸುತ್ತದೆ. ಹಳೇ ಶಾಸ್ತ್ರ ಯಾವುದನ್ನು ಸಂಕರ, ಕಲಬೆರಕೆ, ಕುಲಗೇಡು ಅಂತ ಹೆದರಿತೋ ಅದನ್ನೇ ಬುದ್ಧ ಸಂಘ ಅಂದ. 1924ರಲ್ಲಿ ಮುಂಬೈಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗಲೂ, 1942ರ ಜುಲೈಯಲ್ಲಿ ನಾಗಪುರದ ಸಮ್ಮೇಳನದಲ್ಲೂ ಬಾಬಾಸಾಹೇಬರು ಹಿಡಿದ ಮೂರು ಮಾತು ಶಿಕ್ಷಣ, ಸಂಘಟನೆ, ಹೋರಾಟ. ಅವರು ಎಲ್ಲೂ 'ಮೊದಲು ಶಿಸ್ತು ಕಲಿತು ಆಮೇಲೆ ಬನ್ನಿ' ಅನ್ನಲಿಲ್ಲ. ಬರುತ್ತಾ ಬರುತ್ತಾ ಕಲಿಯುವುದೇ ಸಂಘಟನೆ.

ಹಾಗಾಗಿ ಆ ಹುಡುಗನಿಗೆ ನನ್ನ ಉತ್ತರ ಇದು: ತಮ್ಮಾ, ಅವ್ರು ಅಂದದ್ದು ಖರೆ ಅಲ್ಲ. ಅವರಿಗೆ ಕೇಳಿಸಿದ್ದು ಮೂರು ಗಂಟಲಿನ ಸದ್ದು. ಆ ಸದ್ದಿನಲ್ಲಿ ಒಂದೇ ಬೇಡಿಕೆ ಇತ್ತು, ಅದು ಅವರಿಗೆ ಕೇಳಿಸಲಿಲ್ಲ. ಆದರೂ ಮುಂದಿನ ಸಲ ಹೋಗುವಾಗ ಅರ್ಜಿಯ ಎರಡು ಪ್ರತಿ ಮಾಡಿಸೋಣ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳೋಣ. ತೆಲುಗಿನಲ್ಲಿ ಒಬ್ಬರು, ಕನ್ನಡದಲ್ಲಿ ಒಬ್ಬರು ಮಾತಾಡಲಿ, ಒಬ್ಬರಾದ ಮೇಲೆ ಒಬ್ಬರು. ಮಾತಾಡುವವರಲ್ಲಿ ಒಬ್ಬಳು ನಮ್ಮ ತಂಗಿ ಇರಲಿ. ಹೋದ ಹನ್ನೆರಡು ಜನರ ಹೆಸರು ಸಂಘದ ಪುಸ್ತಕದಲ್ಲಿ ಬರೆದಿಡೋಣ. ಆ ಪುಸ್ತಕ ಇವತ್ತಿನಿಂದ ಯಾರ ಜೇಬಿನಲ್ಲೂ ಇರುವುದು ಬೇಡ, ಸಂಘದ ಪೆಟ್ಟಿಗೆಯಲ್ಲಿರಲಿ.

ಜೈಭೀಮ್.